ಎಣ್ಣೆ ತಣಿಯುವವರೆಗೆ

ಸಿದಿ ಮರ್ಝೂಕ್ ಊರಿನಲ್ಲಿ ಲಾರೂಸಿಗೆ ಇಬ್ಬರು ಹೆಂಡಿರು ಎಂಬ ಮಾತು ಬಹಳ ಹಳೆಯದು. ಒಬ್ಬಳು ಮೊಂಜಿಯ, ಇನ್ನೊಬ್ಬಳು ನೊನ್ನಾ. ಒಬ್ಬನಿಗೆ ಒಬ್ಬಳೇ ಸಾಕೆಂದು ಸರಕಾರ ಕಾನೂನು ಮಾಡಿ ಎಷ್ಟೋ ಕಾಲವಾಗಿದ್ದರೂ ನೊನ್ನಾ ಉಕ್ಕಿನವಳಾದ್ದರಿಂದ ಯಾರೂ ತಕರಾರು ತೆಗೆದಿರಲಿಲ್ಲ.

ನೊನ್ನಾ ಅಂದರೆ ಲಾರೂಸಿಯ ಟ್ರ್ಯಾಕ್ಟರು, ಚಕ್ರದ ಬದಲು ಉಕ್ಕಿನ ಸರಪಳಿಯ ಮೇಲೆ ಉರುಳುವಂಥದ್ದು. ದ್ರಾಕ್ಷಿ ತೋಟ ಬಿಟ್ಟು ಹಡಗು ಹತ್ತಿದ ಇಟಲಿಯವನೊಬ್ಬ ಅದನ್ನು ಲಾರೂಸಿಯ ತಂದೆಗೆ ಒಪ್ಪಿಸುವಾಗ ಮೂತಿ ತಟ್ಟಿ "ನೊನ್ನಾ" ಅಂದು ಕಣ್ಣೊರೆಸಿಕೊಂಡನಂತೆ. ಅವನ ಭಾಷೆಯಲ್ಲಿ ಅಜ್ಜಿ. ಆಗಲೇ ಅಜ್ಜಿಯಾಗಿದ್ದವಳು ಈಗ ಏನಾಗಿರಬೇಕೆಂದು ನೀವೇ ಲೆಕ್ಕ ಹಾಕಿ. ಆದರೂ ಚಕ್ರದ ಟ್ರ್ಯಾಕ್ಟರುಗಳು ಜಾರಿ ಅಡ್ಡಬೀಳುವ ಇಳಿಜಾರಿನಲ್ಲಿ ನೊನ್ನಾ ಹೊಟ್ಟೆಯನ್ನು ನೆಲಕ್ಕೆ ಕೊಟ್ಟು ಗೊಣಗುತ್ತ ಏರುತ್ತಿದ್ದಳು.

ಅವಳ ಕಾಯಿಲೆ ಮೂತಿಯಲ್ಲಿತ್ತು. ಎಂಜಿನ್ನಿನೊಳಗೆ ದುಡಿದು ಬಿಸಿಯಾದ ಎಣ್ಣೆಯನ್ನು ಮುಂದಿನ ಒಂದು ಜಾಲರಿಗೆ ಕಳಿಸಿ, ಗಾಳಿಯಲ್ಲಿ ನಾಲ್ಕು ಸುತ್ತು ಹಾಕಿಸಿ, ತಣ್ಣಗಾದ ಮೇಲೆ ಒಳಗೆ ಕರೆಸಿಕೊಳ್ಳುವ ಏರ್ಪಾಡು ಅದು. ಆಯಿಲ್ ಕೂಲರ್ ಅನ್ನುತ್ತಾರೆ. ಅದಕ್ಕೆ ಈಗ ಮೈತುಂಬ ತೂತು. ಪಟ್ಟಣದ ಬೆಸುಗೆಯವನು ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದ್ರಲ್ಲಿ ಹಿಟ್ಟು ಜರಡಿ ಆಡ್ಬೋದು ಕಣಯ್ಯಾ, ಎಣ್ಣೆ ನಿಲ್ಲಲ್ಲ" ಎಂದು ಹಿಂದಕ್ಕೆ ಕೊಟ್ಟಿದ್ದ.

ಆಗ ಹೇರಳೆ ಹೂ ಬಿಡುವ ಕಾಲ. ಅಂಗಳದ ನೆರಳಿನಲ್ಲಿ ಮೊಂಜಿಯ ಬಿಳಿ ದುಪ್ಪಟಿಗಳನ್ನು ಹಾಸಿ ಅದುವರೆಗೆ ಅರಳಿದ್ದ ಹೂವನ್ನೆಲ್ಲ ಹರಡಿದ್ದಳು. ಇನ್ನು ತಾಮ್ರದ ಭಟ್ಟಿ ಒಲೆಗೇರಿಸಿ ಹೂವಿನ ನೀರು ಇಳಿಸುವುದೊಂದೇ ಬಾಕಿ. ಆ ನೀರಿನ ಎರಡು ಹನಿ ಬೀಳದ ಕಾಫಿಯನ್ನು ಸಿದಿ ಮರ್ಝೂಕ್‌ನಲ್ಲಿ ಕಾಫಿ ಅನ್ನುವುದಿಲ್ಲ. ಅಂಥ ಹೊತ್ತಿನಲ್ಲಿ ಲಾರೂಸಿ ನೊನ್ನಾಳನ್ನು ಅಂಗಳಕ್ಕೆ ತಂದು, ದುಪ್ಪಟಿಗಳಿಗೆ ಎದುರಾಗಿ ನಿಲ್ಲಿಸಿ, "ನೋಡೇ, ತೂತಿಗೆಲ್ಲ ಸಾಬೂನು ಮೆತ್ತಿದೀನಿ, ಇನ್ನು ಒಂದು ಹನಿ ಬರಲ್ಲ" ಎಂದು ಎಂಜಿನ್ ಜೋರು ಮಾಡಿದ. ಬೇರೆ ಯಂತ್ರಗಳ ಫ್ಯಾನು ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನೊನ್ನಾಳದು ಹೊರಕ್ಕೆ ಊದುತ್ತದೆ. ಸಾಬೂನು ಕರಗಿತು. ಹೂವಿನ ಮೇಲೆ, ದುಪ್ಪಟಿಯ ಮೇಲೆ, ಹತ್ತಿರ ಬಂದು ಬಗ್ಗಿ ನೋಡುತ್ತಿದ್ದ ಮೊಂಜಿಯಳ ಮುಖದ ಮೇಲೆ ಕರಿಯ ಸೋನೆ ಸುರಿಯಿತು.

ಅವಳು ಕೂಗಾಡಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ಮುಖ ತೊಳೆದಳು, ಗಂಟು ಕಟ್ಟಿದಳು, ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದಳು.

"ಇದು ಸೋರೋದು ನಿಲ್ಲೋವರ್ಗೂ ನಾನು ಈ ಅಂಗಳಕ್ಕೆ ಕಾಲಿಡಲ್ಲ."

ಬೆಟ್ಟದ ಮೇಲಿನ ಐನ್ ತೀನ್‌ನಲ್ಲಿ ಅವಳ ತಂಗಿ ಸಾಸಿಯಳ ಮನೆ. ಅಲ್ಲಿಗೆ ಹೋದಳು.

ಹೀಗೆ ಮುನಿದು ಹೋದ ಹೆಂಡತಿಯನ್ನು ಗಂಡ ಒಬ್ಬನೇ ಹೋಗಿ ಕರೆದುಕೊಂಡು ಬರುವಂತಿಲ್ಲ. ಊರ ಹಿರಿಯರನ್ನು ಮುಂದಿಟ್ಟುಕೊಂಡು ಹೋಗಬೇಕು. ಅವರು ಎದುರಿಗಿಟ್ಟ ಕಾಫಿ ಮುಟ್ಟದೆ ಕೂತು ಕೇಳಿಕೊಳ್ಳಬೇಕು. ಆ ಕಡೆಯವರು ಒಪ್ಪಿದ ಮೇಲೆಯೇ ಲೋಟ ಎತ್ತಬೇಕು. ಆದರೆ ಹಿರಿಯರನ್ನು ಕರೆಯಬೇಕಾದರೆ ಹೆಂಡತಿ ಮುನಿದಿದ್ದಾಳೆಂದು ಬಾಯಿಬಿಟ್ಟು ಹೇಳಬೇಕಲ್ಲ. ಲಾರೂಸಿ ಕಾಫಿ ಅಂಗಡಿಯಲ್ಲಿ ಕೂತು, "ನಮ್ಮನೇಲಿ ಒಂದಿನ ದನಿ ಏರಿದ್ದಿಲ್ಲಪ್ಪ, ಹೆಂಗಸರನ್ನ ನೋಡ್ಕೊಳೋಕೂ ಒಂದು ತಿಳುವಳಿಕೆ ಬೇಕು" ಎಂದು ಊರಿನ ಅರ್ಧ ಸಂಸಾರಗಳಿಗೆ ಬುದ್ಧಿ ಹೇಳಿದ್ದವನು. ಅವನ ನಾಲಿಗೆ ಏಳಲಿಲ್ಲ.

ಕಾಫಿ ಅಂಗಡಿಯ ಹೆದಿಲಿ ಲೋಟ ಇಡುತ್ತ ಕೇಳಿಯೇಬಿಟ್ಟ. "ಏನ್ ಲಾರೂಸಿ, ಎರಡು ಹೊತ್ತೂ ಇಲ್ಲೇ ತಿಂತಿದೀಯ. ಅಕ್ಕ ಎಲ್ಲಿ?"

"ಐನ್ ತೀನ್‌ಗೆ ಹೋಗಿದಾಳೆ. ತಂಗಿ ಮನೇಲಿ ಒಂದು ಶುಭಕಾರ್ಯ."

ಅವನು ಆಡಿದ್ದು ಇಷ್ಟೇ. ಮಿಕ್ಕದ್ದನ್ನು ಊರು ಆಡಿತು. ಶುಭಕಾರ್ಯವೆಂದರೆ ಮದುವೆ, ತಂಗಿಯ ಮನೆಯೆಂದರೆ ತಂಗಿಯ ಮಗಳದು ಎಂದು ಸಂಜೆಯೊಳಗೆ ತೀರ್ಮಾನವಾಯಿತು. ಗಂಡು ಬಂದರಿನಲ್ಲಿ ಕೆಲಸದಲ್ಲಿದ್ದಾನೆಂದೂ ಸ್ವಲ್ಪ ಕುಳ್ಳನೆಂದೂ ಮರುದಿನಕ್ಕೆ ತಿಳಿದುಬಂತು. ಕುಳ್ಳನಾದರೂ ಗುಣವಂತ ಎಂದು ಪಕ್ಕದ ಮನೆಯ ದಹಬಿಯ ಬಂದು ಲಾರೂಸಿಗೇ ಸಮಾಧಾನ ಹೇಳಿ ಹೋದಳು.

ಲಾರೂಸಿ ಅದೊಂದನ್ನೂ ಕಿವಿಗೆ ಹಾಕಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಮನೆಯಲ್ಲಿ ಕಾಫಿ ಮಾಡಿಕೊಂಡರೆ ಬರೀ ಕಹಿ. ಹೂವಿನ ನೀರಿನ ಹಳೆಯ ಬಾಟಲಿಯ ತಳದಲ್ಲಿ ನಾಲ್ಕೇ ಹನಿ ಉಳಿದಿದ್ದವು. ಅವನ್ನು ಬಳಸಲು ಮನಸ್ಸಾಗದೆ, ಬಿರಡೆ ತೆಗೆದು ಮೂಸಿ ಮತ್ತೆ ಮುಚ್ಚಿಡುತ್ತಿದ್ದ. ಬೆಳಿಗ್ಗೆ ಎದ್ದು ಎರಡು ಲೋಟ ತೊಳೆದಿಟ್ಟು, ಆಮೇಲೆ ನೆನಪಾಗಿ ಒಂದನ್ನು ಒಳಗಿಡುತ್ತಿದ್ದ. ಅವಳು ಕೂರುತ್ತಿದ್ದ ಗೋಡೆಯ ಮೂಲೆಗೆ ಬಿಸಿಲು ಬಂದು ಹೋಗುವುದನ್ನು ನೋಡುತ್ತ ಕೂರುತ್ತಿದ್ದ.

ಹಾಗೆ ಕೂತಲ್ಲೇ ಒಂದು ದಿನ ಹೊಳೆಯಿತು. ಸೋರುವುದು ಕೂಲರ್ ತಾನೆ? ಎಣ್ಣೆಯನ್ನು ಕೂಲರಿಗೆ ಕಳಿಸದೇ ಇದ್ದರಾಯಿತು. ಹೋಗುವ ಬಾಯಿಗೂ ಬರುವ ಬಾಯಿಗೂ ನೇರ ಒಂದು ನಳಿಗೆ ಸೇರಿಸಿದರೆ ಎಣ್ಣೆ ಹೊಸ್ತಿಲಿಂದಲೇ ಹಿಂದಕ್ಕೆ ತಿರುಗುತ್ತದೆ. ಬಿಸಿಯಾಗುತ್ತದೆ, ನಿಜ. ಆದಾಗ ನಿಲ್ಲಿಸಿಕೊಂಡು ಹೋದರಾಯಿತು. ಬಿಸಿಯಾಗುವುದು ಬೇಡವೆಂದು ಮೊಂಜಿಯ ಹೇಳಿರಲಿಲ್ಲ. ಸೋರುವುದು ಬೇಡ ಅಂದಿದ್ದಳು ಅಷ್ಟೆ.

ಮೊದಲು ಗಿಡಕ್ಕೆ ನೀರು ಬಿಡುವ ರಬ್ಬರ್ ಪೈಪನ್ನು ಕತ್ತರಿಸಿ ಹಾಕಿದ. ಅದು ಬಿಸಿ ಎಣ್ಣೆಗೆ ಹಾವಿನ ಹಾಗೆ ಉಬ್ಬಿ, ಬಿರಿದು, ಅವನ ಹೊಸ ಅಂಗಿಗೆ ಬಣ್ಣ ಹಾಕಿತು. ಲೋಹದ್ದೇ ಬೇಕು. ಹುಡುಕುತ್ತ ಉಗ್ರಾಣಕ್ಕೆ ಹೋದವನ ಕಣ್ಣಿಗೆ ಮೊಂಜಿಯಳ ಭಟ್ಟಿ ಬಿತ್ತು. ತಾಯಿಯಿಂದ ಅವಳಿಗೆ ಬಂದದ್ದು. ಅದರ ಕೊಕ್ಕಿನಿಂದ ಇಳಿಯುವ ತಾಮ್ರದ ನಳಿಗೆ ಸರಿಯಾಗಿ ಬೇಕಾದಷ್ಟೇ ದಪ್ಪ, ಬೇಕಾದಷ್ಟೇ ಉದ್ದ. ಲಾರೂಸಿ ಬಾಗಿಲ ಕಡೆ ನೋಡಿದ. ಯಾರೂ ಇರಲಿಲ್ಲ. ಯಾರಾದರೂ ಇದ್ದಿದ್ದರೆ ಚೆನ್ನಾಗಿತ್ತು ಅನಿಸಿತು.

ನಳಿಗೆಯನ್ನು ಬಿಚ್ಚಿ, ಮೆಲ್ಲಗೆ ಬಗ್ಗಿಸಿ, ಎರಡೂ ತುದಿಗೆ ಕ್ಲಾಂಪು ಬಿಗಿದ. ಎಂಜಿನ್ ಶುರು ಮಾಡಿ ಹೊಟ್ಟೆಯ ಮೇಲೆ ಮಲಗಿ ಕೆಳಗೆ ನೋಡಿದ. ಒಣನೆಲ. ಬಹಳ ಹೊತ್ತು ಓಡಿಸಿದ. ಒಂದು ಹನಿ ಇಲ್ಲ. ಎಣ್ಣೆ ಕಾದಂತೆ ತಾಮ್ರ ಕಾಯಿತು, ತಾಮ್ರ ಕಾದಂತೆ ಅದರ ಮೈಗೆ ವರ್ಷಗಳಿಂದ ಹತ್ತಿದ್ದದ್ದು ಎದ್ದು ಬಂತು. ಹೇರಳೆ ಹೂವಿನ ವಾಸನೆ ಅಂಗಳ ತುಂಬಿತು, ಮೊಂಜಿಯ ಈಗ ತಾನೆ ಸೆರಗು ಜಾಡಿಸಿ ಒಳಗೆ ಹೋದ ಹಾಗೆ. ಲಾರೂಸಿ ಸರಪಳಿಯ ಮೇಲೆ ಕೂತ. ನಿಂತಲ್ಲೇ ಮೆಲ್ಲಗೆ ಓಡುತ್ತಿದ್ದ ಎಂಜಿನ್ನನ್ನು ಡೀಸೆಲ್ ಮುಗಿಯುವವರೆಗೆ ನಿಲ್ಲಿಸಲಿಲ್ಲ.

ಗೋಡೆಯ ಆಚೆ ದಹಬಿಯಳ ಮೂಗು ಸುಮ್ಮನಿರಲಿಲ್ಲ. ಹೆಂಡತಿ ಇಲ್ಲದ ಮನೆಯಲ್ಲಿ ಹೂವಿನ ನೀರು ಕಾಯುತ್ತಿದೆ, ಗಂಡಸು ಅಂಗಿ ಒಗೆದು ಹಾಕಿದ್ದಾನೆ, ಯಂತ್ರದ ಮೈ ತಿಕ್ಕುತ್ತಿದ್ದಾನೆ ಎಂದರೆ ಏನರ್ಥ?

"ನಾಳೇನೇ ಮದುವೆ" ಎಂದು ಅವಳು ಬೀದಿಗೆ ತಿಳಿಸಿದಳು. "ನಮ್ಮನ್ನ ಕರೀಬೇಕಾಗುತ್ತೆ ಅಂತ ಸದ್ದಿಲ್ದೆ ಹೊರಡ್ತಿದಾನೆ."

ಊರಿನ ಸರಕಾರಿ ಮುಖ್ಯಸ್ಥನಿಗೆ ಅಲ್ಲಿ ಒಮ್ದಾ ಅನ್ನುತ್ತಾರೆ. ಒಮ್ದಾ ತಿಜಾನಿಗೆ ಇದರಿಂದ ಬಹಳ ನೋವಾಯಿತು. ಸುತ್ತಮುತ್ತ ತಾವು ಭಾಷಣ ಮಾಡದೆ ನಡೆದ ಮದುವೆ ಒಂದೂ ಇಲ್ಲವೆಂಬುದು ಅವರ ನಂಬಿಕೆ. ಕರೆಯದಿದ್ದರೇನು, ತಾವು ದೊಡ್ಡತನ ತೋರಿಸಬೇಕೆಂದು ನಿರ್ಧರಿಸಿದರು.

ಬೆಳಗಿನ ತಂಪಿನಲ್ಲಿ ಒಬ್ಬನೇ ಹೊರಟುಬಿಡೋಣವೆಂದು ಲಾರೂಸಿ ನೊನ್ನಾಳನ್ನು ಬೀದಿಗೆ ತಂದರೆ, ಬೀದಿಯೇ ಎದುರಿಗೆ ನಿಂತಿತ್ತು. ಕುತ್ತಿಗೆಗೆ ಟೈ ಕಟ್ಟಿದ ಒಮ್ದಾ. ಖರ್ಜೂರ ತುಂಬಿದ ಮಕ್ರೂದ್ ಮಿಠಾಯಿಯ ತಟ್ಟೆ ಹೊತ್ತ ದಹಬಿಯ. ಕುರ್ಚಿಗಳನ್ನು ಏರಿಸಿದ ತನ್ನ ಪುಟ್ಟ ಲಾರಿಯೊಂದಿಗೆ ಹೆದಿಲಿ. ಡೋಲು ಬಿಗಿದುಕೊಂಡ ಬೂರಾವಿ. ಹಿಂದೆ ಇನ್ನೂ ಅನೇಕರು.

"ಮದುವೆ ಗಿದುವೆ ಏನಿಲ್ಲ ಒಮ್ದಾ ಸಾಹೇಬ್ರೇ" ಎಂದ ಲಾರೂಸಿ. ಆ ಬೆಳಿಗ್ಗೆ ಅವನು ಆಡಿದ ಒಂದೇ ನಿಜ ಅದು.

"ಗೊತ್ತಪ್ಪ, ಗೊತ್ತು" ಎಂದರು ಒಮ್ದಾ. "ಖರ್ಚಿಗೆ ಹೆದರ್ಬೇಡ. ನಮ್ಮೂಟ ನಾವೇ ತಂದಿದೀವಿ."

"ಹಂಗಲ್ಲ, ನಾನು ಸುಮ್ನೆ..."

"ಅಂಗಿ ಇಸ್ತ್ರಿ ಮಾಡ್ಕೊಂಡು ಸುಮ್ನೆ ಯಾರ್ ಹೋಗ್ತಾರಪ್ಪಾ" ಎಂದಳು ದಹಬಿಯ. "ಬಾರಿಸೋ ಬೂರಾವಿ."

ಬೂರಾವಿ ಬಾರಿಸಿದ. ನೊನ್ನಾ ಹೊರಟಳು. ಮುಂದೆ ಉಕ್ಕಿನ ಅಜ್ಜಿ, ಹಿಂದೆ ಡೋಲು, ಅದರ ಹಿಂದೆ ಊರು. ಅಷ್ಟು ನಿಧಾನದ ಮೆರವಣಿಗೆಯನ್ನು ಆ ಬೆಟ್ಟ ಅದುವರೆಗೆ ಕಂಡಿರಲಿಕ್ಕಿಲ್ಲ. ದಾರಿ ಬದಿಯ ಆಮೆಯೊಂದು ಸ್ವಲ್ಪ ದೂರ ಜೊತೆಗೇ ನಡೆದು, ಬೇಸರವಾಗಿ ಪೊದೆಗೆ ತಿರುಗಿತು.

ಏರು ಶುರುವಾಯಿತು. ಎಣ್ಣೆ ಕಾದು ನೀರಿನಷ್ಟು ತೆಳುವಾಯಿತು. ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಲಾರೂಸಿಯ ಧೈರ್ಯದ ಹಾಗೆ ಕೆಳಗಿಳಿಯುತ್ತ ಬಂತು. ಇನ್ನು ಓಡಿಸಿದರೆ ಎಂಜಿನ್ ಕಚ್ಚಿಕೊಳ್ಳುತ್ತದೆ. ಒಂದು ಮರದ ಕೆಳಗೆ ನಿಲ್ಲಿಸಿದ. ಯಾಕೆ ನಿಂತಿತೆಂದು ಯಾರೂ ಕೇಳಲಿಲ್ಲ. ಮೆರವಣಿಗೆ ನಿಲ್ಲುವುದು ಭಾಷಣಕ್ಕೇ ಎಂದು ಒಮ್ದಾ ಮುಂದೆ ಬಂದು, ದಾಂಪತ್ಯದಲ್ಲಿ ತಾಳ್ಮೆಯ ಪಾತ್ರ ಕುರಿತು ಮಾತಾಡಿದರು. ಲಾರೂಸಿ ಮುಳ್ಳನ್ನು ನೋಡುತ್ತ, ಬೇಗ ತಣಿ ತಾಯಿ, ಬೇಗ ತಣಿ ಎಂದು ಒಳಗೊಳಗೇ ಬೇಡುತ್ತಿದ್ದ. ಬೆಟ್ಟದ ಮೇಲೆ ಐನ್ ತೀನ್‌ನ ಬಿಳಿ ಗೋಡೆಗಳು ಕಾಣುತ್ತಿದ್ದವು. ಯಾವ ಗೋಡೆಯ ಹಿಂದೆ ಅವಳಿದ್ದಾಳೋ.

ಎರಡನೆಯ ಸಲ ಮುಳ್ಳು ಬಿದ್ದದ್ದು ಸಂತನ ಗೋರಿಯ ಎದುರಿಗೆ. "ಎಷ್ಟು ಭಕ್ತಿ ನೋಡಿ" ಎಂದು ದಹಬಿಯ ಕಣ್ಣೊರೆಸಿಕೊಂಡಳು. ಎಲ್ಲರೂ ಒಳಗೆ ಹೋಗಿ ಮೊಂಬತ್ತಿ ಹಚ್ಚಿ ಬಂದರು. ಇಲ್ಲೇ ನಿಜ ಹೇಳಿಬಿಡೋಣವೆಂದು ಲಾರೂಸಿ ಹೆದಿಲಿಯನ್ನು ಪಕ್ಕಕ್ಕೆ ಕರೆದ.

"ಹೆದಿಲಿ, ಮೊಂಜಿಯಾಗೂ ನನಗೂ ಸ್ವಲ್ಪ..."

"ಉಡುಗೊರೆ ವಿಷಯ ತಾನೆ? ನಮ್ಮನೇಲೂ ಅದೇ ಜಗಳ. ನಾನು ಜಮಖಾನ ಅಂದ್ರೆ ಅವಳು ಪಾತ್ರೆ ಅಂತಾಳೆ."

ಮೂರನೆಯ ಸಲ ಒಂದು ಮೇಕೆ ದೊಡ್ಡಿಯ ಹತ್ತಿರ. ಅಷ್ಟರಲ್ಲಿ ಒಮ್ದಾರ ದಾಂಪತ್ಯ ಮುಗಿದು ಅವರು ರಸ್ತೆ ಕಾಮಗಾರಿಗೆ ಬಂದಿದ್ದರು. ನಾಲ್ಕನೆಯ ಸಲ ಅವರೇ ಒಂದು ಕಲ್ಲಿನ ಮೇಲೆ ಕೂತು, "ಬೂರಾವಿ, ನೀನೇ ಏನಾದ್ರೂ ಬಾರ್ಸಪ್ಪ" ಎಂದು ಟೈ ಸಡಿಲಿಸಿದರು. ದಹಬಿಯ ಮಾತ್ರ ನೊನ್ನಾಳ ಸುತ್ತ ಮೂಗು ಹಾಯಿಸುತ್ತ, "ಯಂತ್ರಕ್ಕೂ ಹೂವಿನ ನೀರು ಹಾಕಿದಾನೆ, ಪುಣ್ಯಾತ್ಮ" ಎಂದು ಎಲ್ಲರಿಗೂ ಹೇಳಿ ಬಂದಳು.

ಐನ್ ತೀನ್‌ನಲ್ಲಿ ಸಾಸಿಯಳ ಗಂಡ ಖ್ಲಿಫಾ ಬಾಗಿಲಲ್ಲಿ ಕೂತು ಗುದ್ದಲಿಗೆ ಹಿಡಿ ಕೂರಿಸುತ್ತಿದ್ದ. ಡೋಲಿನ ಸದ್ದಿಗೆ ತಲೆ ಎತ್ತಿದವನು ಗುದ್ದಲಿ ಕೆಳಗಿಟ್ಟ. ಮುನಿದ ಹೆಂಡತಿಯನ್ನು ಕರೆಯಲು ಇಬ್ಬರು ಹಿರಿಯರು ಬಂದದ್ದನ್ನು ಅವನು ನೋಡಿದ್ದ. ಬಹಳ ಗಟ್ಟಿ ಜಗಳವಾಗಿದ್ದರೆ ನಾಲ್ಕು ಜನ. ಒಬ್ಬಳಿಗಾಗಿ ಇಡೀ ಊರು, ಒಮ್ದಾ ಸಮೇತ, ಡೋಲಿನೊಂದಿಗೆ, ಕುರ್ಚಿಯನ್ನೂ ತಾವೇ ಹೊತ್ತುಕೊಂಡು ಬಂದದ್ದನ್ನು ಅವನ ಅಜ್ಜನೂ ನೋಡಿರಲಿಕ್ಕಿಲ್ಲ.

"ಸಾಸಿಯಾ" ಎಂದು ಒಳಗೆ ಕೂಗಿದ. "ನಿಮ್ಮಕ್ಕನ್ನ ಕರ್ಕೊಂಡ್ ಹೋಗೋಕೆ ಬಂದ್ರು. ಕಾಫಿ ಇಡು. ದೊಡ್ಡ ಪಾತ್ರೇಲಿ."

ಎಲ್ಲರೂ ಕೂತರು. ಕಾಫಿ ಬಂತು. ಯಾರೂ ಮುಟ್ಟದಿರಲೆಂದು ಖ್ಲಿಫಾ ಸಂಪ್ರದಾಯದಂತೆ ಕೈ ಎತ್ತಿದ.

"ಮೊದ್ಲು ಮಾತು. ಆಮೇಲೆ ಕಾಫಿ."

"ಆಗ್ಲಿ" ಎಂದರು ಒಮ್ದಾ, ಗಂಟಲೊಣಗಿದ್ದರೂ. "ಹುಡುಗಿ ಹೇಗಿದಾಳೆ?"

ಖ್ಲಿಫಾ ಸ್ವಲ್ಪ ಯೋಚಿಸಿದ. "ಬಂದಾಗ ಬಹಳ ಅತ್ತಳು. ಈಗ ಪರವಾಗಿಲ್ಲ."

"ಅಳೋದು ಸಹಜ. ಎಲ್ಲ ಹುಡುಗೀರೂ ಅಳ್ತಾರೆ. ಗಂಡನ ಮನೆ ಅಂದ್ರೆ ಒಂದು ಹೆದರಿಕೆ."

"ಹೆದರಿಕೆ ಅಲ್ಲ, ಕೋಪ. ಮುಖದ ತುಂಬ ಎಣ್ಣೆ ಎರಚಿದ್ರೆ ಯಾರಿಗೆ ಬರಲ್ಲ?"

ಬಂದರಿನ ಕುಳ್ಳ ಇಂಥವನೇ ಎಂದು ದಹಬಿಯ ತನ್ನ ಪಕ್ಕದವಳ ತೊಡೆ ಚಿವುಟಿದಳು. ಒಮ್ದಾರ ಮುಖ ಗಂಭೀರವಾಯಿತು. "ಮದುವೆಗೆ ಮುಂಚೇನೇ ಎಣ್ಣೆ ಎರಚಿದಾನಾ?"

"ಮದುವೆಗೆ ಮುಂಚೆ ಯಾಕೆ ಎರಚ್ತಾನೆ? ಮದುವೆಯಾಗಿ ಮೂವತ್ತೈದು ವರ್ಷ ಆಯ್ತು."

ಒಮ್ದಾ ಬೆರಳು ಮಡಿಸಿ ಲೆಕ್ಕ ಹಾಕಿದರು. "ಹುಡುಗಿಗೆ ಈಗ ವಯಸ್ಸೆಷ್ಟು?"

"ಐವತ್ತೆಂಟು. ನಿಮ್ಮ ಕಣ್ಣೆದುರಿಗೇ ಬಾಳ್ದೋಳಲ್ವಾ, ನನ್ನ ಯಾಕೆ ಕೇಳ್ತೀರಿ?"

ಕುರ್ಚಿಗಳು ಒಂದೊಂದಾಗಿ ಲಾರೂಸಿಯ ಕಡೆ ತಿರುಗಿದವು. ಬೂರಾವಿ ಡೋಲನ್ನು ಕೆಳಗಿಟ್ಟ. ಹೆದಿಲಿಯ ಬಾಯಿ ತೆರೆದದ್ದು ಹಾಗೇ ಇತ್ತು. ಹೆಂಗಸರನ್ನು ನೋಡಿಕೊಳ್ಳುವ ತಿಳುವಳಿಕೆಯ ಬಗ್ಗೆ ಅವನು ಕೇಳಿದ ಉಪದೇಶವೆಲ್ಲ ಅವನ ಮುಖದ ಮೇಲೆ ಒಂದಾದ ಮೇಲೊಂದು ಹಾದುಹೋಯಿತು. ಲಾರೂಸಿ ತನ್ನ ಬೂಟುಗಳನ್ನು ನೋಡುತ್ತಿದ್ದ.

ಆಗ ಒಮ್ದಾ ತಿಜಾನಿ ತಮ್ಮ ಬದುಕಿನ ಅತಿ ಚಿಕ್ಕ ಭಾಷಣ ಮಾಡಿದರು. ಒಂದು ಊರಿನ ಮುಖ್ಯಸ್ಥ, ತಾನು ಯಾಕೆ ಬಂದೆ ಎಂದು ಗೊತ್ತಿಲ್ಲದೆ ಬೆಟ್ಟ ಹತ್ತಿದ ಎಂದು ಪಕ್ಕದ ಊರಿನವರು ಆಡಿಕೊಳ್ಳುವಂತಾಗಬಾರದು.

"ಗೊತ್ತು" ಎಂದರು. "ನಾವು ಬಂದಿರೋದೇ ಅದಕ್ಕೆ. ನಮ್ಮ ಮೊಂಜಿಯ ನಮಗೆ ಬೇಕು."

"ಊರಲ್ಲಿ ಕಾಫಿ ಬಾಯಿಗಿಡೋಕಾಗ್ತಿಲ್ಲ" ಎಂದ ಹೆದಿಲಿ. ಅದು ಮಾತ್ರ ಹೃದಯದಿಂದ ಬಂದದ್ದು. ಮೊಂಜಿಯಳ ಹೂವಿನ ನೀರೇ ಅವನ ಅಂಗಡಿಗೂ ಹೋಗುತ್ತಿತ್ತು.

ಖ್ಲಿಫಾ ಒಳಗೆ ಹೋದ. ಅವನು ಬರುವ ಮೊದಲು ಸಾಸಿಯ ಬಂದಳು, ಕೈಯಲ್ಲಿ ಮಡಿಚಿದ ಬಿಳಿ ದುಪ್ಪಟಿ. "ಇದನ್ನ ಯಂತ್ರದ ಕೆಳಗೆ ಹಾಸ್ಬೇಕಂತೆ. ಎಂಜಿನ್ ಓಡಿಸ್ಬೇಕಂತೆ. ಕಿಟಕೀಲಿ ನೋಡ್ತಾಳಂತೆ."

ದುಪ್ಪಟಿ ಹಾಸಿದರು. ಲಾರೂಸಿ ನೊನ್ನಾಳನ್ನು ಎಬ್ಬಿಸಿದ. ಎರಡು ಊರಿನ ಜನ ಬಗ್ಗಿ, ಕೆಲವರು ಮೊಣಕಾಲೂರಿ, ಆ ಬಿಳಿಬಟ್ಟೆಯನ್ನು ನೋಡಿದರು. ಕಾಫಿ ಆರುತ್ತಿತ್ತು. ಏರು ಹತ್ತಿ ಬಂದ ಎಣ್ಣೆ ಇನ್ನೂ ಬಿಸಿಯಿತ್ತು; ಮುಳ್ಳು ನಡುಗಿತು. ನಳಿಗೆ ಹಿಡಿಯಿತು. ಕ್ಲಾಂಪು ಹಿಡಿಯಿತು. ಲಾರೂಸಿ ತಡೆಯಲಾರದೆ ಇಳಿದು, ತಲೆಯನ್ನು ಸರಪಳಿಯ ನಡುವೆ ತೂರಿಸಿ ನೋಡಿದ. ಆಗ ದುಪ್ಪಟಿಯ ನಟ್ಟನಡುವೆ ಟಪ್ಪೆಂದು ಒಂದು ಹನಿ ಬಿತ್ತು.

"ಬಿತ್ತು" ಎಂದಳು ದಹಬಿಯ, ಸತ್ತವರ ಮನೆಯ ದನಿಯಲ್ಲಿ.

ಕಿಟಕಿಯ ಕದ ಮುಚ್ಚಿದ ಸದ್ದಾಯಿತು. ಲಾರೂಸಿ ಹೊರಕ್ಕೆ ತಲೆ ತೆಗೆಯಲಿಲ್ಲ. ಬಾಗಿಲು ತೆರೆಯಿತು. ಜನ ದಾರಿ ಬಿಟ್ಟರು. ಮೊಂಜಿಯ ಬಂದು, ಯಾರ ಮುಖವನ್ನೂ ನೋಡದೆ ಬಗ್ಗಿ, ಆ ಹನಿಯ ಮೇಲೆ ಬೆರಳಿಟ್ಟಳು. ಬೆರಳನ್ನು ಬೆಳಕಿಗೆ ಹಿಡಿದಳು. ಹನಿ ಕಪ್ಪಗಿರಲಿಲ್ಲ. ಅವಳು ಗಂಡನ ಕಡೆ ನೋಡಿದಳು. ಅವನ ಮೂಗಿನ ತುದಿಯಲ್ಲಿ ಇನ್ನೊಂದು ಹನಿ ಸಿದ್ಧವಾಗುತ್ತಿತ್ತು. ಅದು ಬೆವರೋ ಬೇರೆಯೋ, ಇಲ್ಲಿಯವರೆಗೂ ತೀರ್ಮಾನವಾಗಿಲ್ಲ.

"ಇದು ಎಣ್ಣೆ ಅಲ್ಲ" ಎಂದಳು ಮೊಂಜಿಯ.

ಒಮ್ದಾರ ಕೈ ಲೋಟದ ಕಡೆ ಹೋಯಿತು. ಅಷ್ಟರಲ್ಲಿ ಅವಳ ಮೂಗು ಅರಳಿದ್ದು ಕಂಡು ಅರ್ಧಕ್ಕೆ ನಿಂತಿತು. ಅವಳು ನೊನ್ನಾಳ ಮೂತಿಯ ಹತ್ತಿರ ಹೋಗಿ, ಒಳಗೆ ಇಣುಕಿದಳು.

"ಈ ನಳಿಗೆ ನಮ್ಮಮ್ಮಂದು."

"ಹೌದು" ಎಂದ ಲಾರೂಸಿ. ಮೂವತ್ತೈದು ವರ್ಷಗಳಲ್ಲಿ ಅವನು ಇಷ್ಟು ಚಿಕ್ಕ ಉತ್ತರ ಕೊಟ್ಟಿರಲಿಲ್ಲ.

"ಬಗ್ಗಿಸಿದೀಯ."

"ಸ್ವಲ್ಪ."

"ಬಿಚ್ಚು."

"ಈಗ ಆಗಲ್ಲ ಕಣೇ. ಕೆಂಡದ ಹಾಗಿದೆ. ಬಿಚ್ಚಿದ್ರೆ ಇಲ್ಲಿಂದ ಇದು ಅಲ್ಲಾಡಲ್ಲ."

ಎರಡೂ ಊರು ಮೊಂಜಿಯಳ ತುಟಿಯನ್ನೇ ನೋಡುತ್ತಿದ್ದವು.

"ಹೇರಳೆ ಮರದಲ್ಲಿ ಇನ್ನೂ ಹೂವಿದೆ" ಎಂದಳು ಕೊನೆಗೆ, ತಂಗಿಗೆ. "ನಳಿಗೆ ಇಲ್ದೆ ಭಟ್ಟಿ ಹೇಗೆ ಹಚ್ಚಲಿ? ಇವನ ಕೈಗೆ ಬಿಟ್ರೆ ಬಿಚ್ಚೋವಾಗ ಮುರಿದಾನು. ನನ್ನ ಗಂಟು ತಗೊಂಬಾರೆ."

ಖ್ಲಿಫಾ ಕೈ ಇಳಿಸಿದ. ಲೋಟಗಳು ಒಟ್ಟಿಗೆ ಎದ್ದವು. ಕಾಫಿ ತಣ್ಣಗಾಗಿತ್ತು, ಯಾರೂ ಅದನ್ನು ಹೇಳಲಿಲ್ಲ.

ಮಕ್ರೂದ್ ಮುಗಿಸಿ ಊರಿನವರು ಹೆದಿಲಿಯ ಲಾರಿಯಲ್ಲಿ ಕುರ್ಚಿಗಳ ಮೇಲೇ ಕೂತು ಮುಂದೆ ಇಳಿದುಹೋದರು. ನೊನ್ನಾಳ ಜೊತೆ ಮತ್ತೊಮ್ಮೆ ನಡೆಯುವ ಶಕ್ತಿ ಯಾರಿಗೂ ಇರಲಿಲ್ಲ. ಮೊಂಜಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಲಾರೂಸಿಯ ಪಕ್ಕದ ತಗಡಿನ ಮೇಲೆ ಕೂತಳು. ಇಳಿಜಾರಿನಲ್ಲಿ ಎಂಜಿನ್ನಿಗೆ ಕೆಲಸವಿಲ್ಲ, ಎಣ್ಣೆ ಬಿಸಿಯೇರಲಿಲ್ಲ. ಮುಳ್ಳು ಗಟ್ಟಿಯಾಗಿ ಮೇಲೇ ನಿಂತಿತ್ತು. ಹೀಗೇ ಹೋದರೆ ಬೇಗ ಮನೆ ಬರುತ್ತದೆ. ಮನೆ ಬಂದರೆ ನಳಿಗೆ ಬಿಚ್ಚಬೇಕು, ಭಟ್ಟಿ ಹಚ್ಚಬೇಕು, ಅವಳು ಉಗ್ರಾಣಕ್ಕೆ ಹೋಗುತ್ತಾಳೆ, ದಹಬಿಯ ಬರುತ್ತಾಳೆ, ಊರು ಬರುತ್ತದೆ.

ಬೆಟ್ಟ ಹತ್ತುವಾಗ ಮೊದಲ ಸಲ ನಿಲ್ಲಿಸಿದ್ದ ಮರ ಕಂಡಿತು. ಲಾರೂಸಿ ಅದರ ಕೆಳಗೆ ನೊನ್ನಾಳನ್ನು ನಿಲ್ಲಿಸಿ ಎಂಜಿನ್ ಆರಿಸಿದ.

"ಏನಾಯ್ತು?" ಎಂದಳು ಮೊಂಜಿಯ.

"ಎಣ್ಣೆ ಬಿಸಿಯಾಗಿದೆ. ತಣಿಯೋವರ್ಗೂ ಕಾಯ್ಬೇಕು."

"ಇಳಿಜಾರಲ್ಲಾ?"

"ಹಳೇ ಯಂತ್ರ."

ಮುಳ್ಳಿನ ಕಡೆ ಮೊಂಜಿಯ ಒಮ್ಮೆ ನೋಡಿದಳು. ಮೂವತ್ತೈದು ವರ್ಷ ಆ ಯಂತ್ರದ ಜೊತೆ ಸಂಸಾರ ಮಾಡಿದವಳು. ಅದರ ಮುಖ ಓದಲು ಬಾರದವಳಲ್ಲ. ಕೆಳಗೆ ಊರು, ಅದರಾಚೆ ಸಮುದ್ರ. ಗಂಟನ್ನು ಪಕ್ಕಕ್ಕಿಟ್ಟು, ಕಾಲು ಚಾಚಿ ಕೂತಳು. ಬಿಸಿ ತಾಮ್ರದಿಂದ ಹೂವಿನ ವಾಸನೆ ಇನ್ನೂ ಸಣ್ಣಗೆ ಬರುತ್ತಿತ್ತು.

"ಆಗಿರ್ಬೋದು" ಎಂದಳು. "ಚೆನ್ನಾಗಿ ತಣೀಲಿ."